ಗಣಿತ ಒಲಿಂಪಿಯಾಡ್ ಬರೆಯಬೇಕಾ? ಮೊದಲು ಒಂದೇ ಲೆಕ್ಕದ ಜತೆ ಕೂತು ನೋಡಿ

ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಮಕ್ಕಳ ಬ್ಯಾಗಲ್ಲಿ ಒಂದಲ್ಲ ಒಂದು ‘ಒಲಿಂಪಿಯಾಡ್’ ಫಾರಂ ಮನೆಗೆ ಬರುತ್ತದೆ. ಫೀಸು ಕಟ್ಟುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಖಾಸಗಿಯವರು ಈ ಹೆಸರಲ್ಲಿ ನಡೆಸುವ ಪರೀಕ್ಷೆಗಳು ಬೇರೆ, ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ಹೋಗುವ ದಾರಿ ಬೇರೆ. ಆ ದಾರಿ ಒಂದೇ ಇರೋದು: ಮೊದಲು ಐಒಕ್ಯೂಎಂ ಅನ್ನುವ ಅರ್ಹತಾ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಆರ್‌ಎಂಒ, ಅಂದರೆ ಪ್ರಾದೇಶಿಕ ಗಣಿತ ಒಲಿಂಪಿಯಾಡ್, ಆಮೇಲೆ ಜನವರಿಯಲ್ಲಿ ಐಎನ್‌ಎಂಒ, ಅಂದರೆ ರಾಷ್ಟ್ರೀಯ ಗಣಿತ ಒಲಿಂಪಿಯಾಡ್, ಅದು ದಾಟಿದವರಿಗೆ ಬೇಸಿಗೆಯ ತರಬೇತಿ ಶಿಬಿರ, ಕೊನೆಗೆ ಆರು ಜನರ ತಂಡ. ಇಡೀ ಕಾರ್ಯಕ್ರಮ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ್ದು. ಮೊದಲ ಹಂತವನ್ನು ಭಾರತದ ಗಣಿತ ಶಿಕ್ಷಕರ ಸಂಘ (ಎಂಟಿಎ) ನಡೆಸುತ್ತದೆ.

ಈಚಿನ ವರ್ಷಗಳಲ್ಲಿ ಐಒಕ್ಯೂಎಂ ಸೆಪ್ಟೆಂಬರ್ ಮೊದಲ ಭಾಗದ ಒಂದು ಭಾನುವಾರ ನಡೆದಿದೆ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನವರು ಬರೆಯಬಹುದು. ನೋಂದಣಿ ಅದಕ್ಕೂ ಎಷ್ಟೋ ಮೊದಲೇ ಮುಗಿದುಹೋಗುತ್ತದೆ, ಹಾಗಾಗಿ ಜೂನ್‌ನಿಂದಲೇ ಸಂಘದ ಜಾಲತಾಣ ನೋಡುತ್ತಾ ಇರಿ. ನಿಮ್ಮ ಶಾಲೆಯಲ್ಲಿ ಈ ಪರೀಕ್ಷೆಯ ಬಗ್ಗೆ ಯಾರಿಗೂ ಗೊತ್ತಿಲ್ಲ ಅಂದರೆ ಗಣಿತದ ಮೇಷ್ಟ್ರಿಗೆ ನೀವೇ ಹೋಗಿ ಹೇಳಿ. ನಾನು ಕಂಡ ಹಾಗೆ, ಜಾಣ ಮಕ್ಕಳು ತಪ್ಪಿಸಿಕೊಳ್ಳುವುದು ಲೆಕ್ಕ ಬರದೆ ಅಲ್ಲ, ಸುದ್ದಿ ಸಿಗದೆ.

ಈಗ ಓದುವ ವಿಷಯ. ಬೀಜಗಣಿತ, ರೇಖಾಗಣಿತ, ಸಂಖ್ಯಾ ಸಿದ್ಧಾಂತ, ಎಣಿಕೆ, ಈ ನಾಲ್ಕೇ. ಕ್ಯಾಲ್ಕುಲಸ್ ಬೇಕಿಲ್ಲ. ಮೊದಲ ಎರಡು ಶಾಲೆಯ ಪುಸ್ತಕದಲ್ಲಿ ತಕ್ಕಮಟ್ಟಿಗೆ ಸಿಗುತ್ತವೆ. ಕೊನೆಯ ಎರಡಕ್ಕೆ, ಅಂದರೆ ಭಾಗಾಕಾರ, ಶೇಷ, ಅವಿಭಾಜ್ಯ ಸಂಖ್ಯೆ, ಎಷ್ಟು ರೀತಿಯಲ್ಲಿ ಆರಿಸಬಹುದು ಅನ್ನುವಂಥವಕ್ಕೆ, ಶಾಲೆಯಲ್ಲಿ ಜಾಗ ಕಡಿಮೆ. ಅದನ್ನು ಮನೆಯಲ್ಲೇ ತುಂಬಿಕೊಳ್ಳಬೇಕು. ಹಳೆಯ ಪ್ರಶ್ನೆಪತ್ರಿಕೆಗಳು ಹೋಮಿ ಭಾಭಾ ಕೇಂದ್ರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಉದ್ದ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಒಂದು ಪ್ರಿಂಟ್ ಸಾಕು.

ಆದರೆ ಕೂರುವುದು ಹೇಗೆ? ನನಗೆ ಹೇಳಬೇಕಿರುವುದು ಮುಖ್ಯವಾಗಿ ಇದನ್ನೇ. ಐಒಕ್ಯೂಎಂನಲ್ಲಿ ಮೂರು ಗಂಟೆಗೆ 30 ಪ್ರಶ್ನೆ, ಅಂದರೆ ಒಂದಕ್ಕೆ 6 ನಿಮಿಷ. ಆರ್‌ಎಂಒನಲ್ಲಿ ಅದೇ ಮೂರು ಗಂಟೆಗೆ 6 ಪ್ರಶ್ನೆ, ಒಂದಕ್ಕೆ ಅರ್ಧ ಗಂಟೆ. ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ದಿನಕ್ಕೆ ನಾಲ್ಕೂವರೆ ಗಂಟೆ, ಮೂರೇ ಪ್ರಶ್ನೆ, ಅಲ್ಲಿಗೆ ಒಂದಕ್ಕೆ ಒಂದೂವರೆ ಗಂಟೆ ಆಯ್ತು. ಮೇಲೆ ಹೋದಷ್ಟೂ ಸಮಯ ಜಾಸ್ತಿ ಕೊಡುತ್ತಾರೆ, ಅಲ್ವಾ? ಟ್ಯೂಷನ್‌ಗಳು ಕಲಿಸುವುದು ಇದಕ್ಕೆ ಉಲ್ಟಾ, ಅಲ್ಲಿ ಬರೀ ವೇಗ, ಶಾರ್ಟ್‌ಕಟ್. ಮನೆಯಲ್ಲಿ ಮಗು ಒಂದೇ ಲೆಕ್ಕದ ಮುಂದೆ ಮುಕ್ಕಾಲು ಗಂಟೆ ಕೂತಿದ್ದರೆ ‘ಇನ್ನೂ ಅದೇನಾ?’ ಅಂತ ಕೇಳಬೇಡಿ. ಉತ್ತರವನ್ನು ಫೋನಲ್ಲಿ ಹುಡುಕಿ ಕೊಡಲೂ ಬೇಡಿ. ಎರಡು ದಿನ ಬಿಟ್ಟು ಮತ್ತೆ ಕೂರಲಿ.

ಒಂದು ಲೆಕ್ಕ ಹತ್ತಿರದಿಂದ ನೋಡೋಣ. 2025 ಏಳುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆಯ ಕೊನೆಯ ಎರಡು ಅಂಕಿ ಯಾವುವು? ಗಾಬರಿ ಬೇಡ, ಸುಮ್ನೆ ಚಿಕ್ಕದರಿಂದ ಶುರು ಮಾಡಿ. 7, 49, 343, 2401. ಕೊನೆಯ ಎರಡು ಅಂಕಿ 07, 49, 43, 01. ಆ 01 ಬಂದಾಗ ಪೆನ್ಸಿಲ್ ನಿಲ್ಲಬೇಕು! ಮುಂದಿನದಕ್ಕೆ ಮತ್ತೆ 7ರಿಂದ ಗುಣಿಸಿದರೆ 07, ಆಮೇಲೆ 49, ಹೀಗೆ ನಾಲ್ಕು ನಾಲ್ಕಕ್ಕೆ ಅದೇ ಸುತ್ತು. 2025ನ್ನು 4ರಿಂದ ಭಾಗಿಸಿದರೆ ಶೇಷ 1. ಅಲ್ಲಿಗೆ ಉತ್ತರ 07. ಇಲ್ಲಿ ಯಾವ ಸೂತ್ರವನ್ನೂ ಬಾಯಿಪಾಠ ಮಾಡಿರಬೇಕಿಲ್ಲ, ಸುತ್ತು ಕಣ್ಣಿಗೆ ಬೀಳುವವರೆಗೆ ಬರೆಯುವ ತಾಳ್ಮೆ ಇರಬೇಕು, ಅಷ್ಟೇ.

ಪರೀಕ್ಷೆಯ ದಿನಕ್ಕೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಐಒಕ್ಯೂಎಂನಲ್ಲಿ ಪ್ರತಿ ಉತ್ತರವೂ 00ರಿಂದ 99ರೊಳಗಿನ ಪೂರ್ಣ ಸಂಖ್ಯೆ, ಓಎಂಆರ್ ಹಾಳೆಯಲ್ಲಿ ಎರಡು ಅಂಕಿ ತುಂಬಬೇಕು. ಉತ್ತರ 7 ಅಂತ ಬಂದರೆ 0 ಮತ್ತು 7 ಎರಡನ್ನೂ ತುಂಬಿ. ಒಟ್ಟು 100 ಅಂಕ, ಪ್ರಶ್ನೆಗಳಿಗೆ 2, 3, 5 ಅಂಕ ಅಂತ ಹಂಚಿರುತ್ತಾರೆ. ತಪ್ಪಿಗೆ ಅಂಕ ಕಳೆಯುವುದಿಲ್ಲ.

ಆರ್‌ಎಂಒಗೆ ಬಂದರೆ ಆಟವೇ ಬೇರೆ. ಅಲ್ಲಿ ಪೂರ್ತಿ ಸಾಧನೆ ಬರೆಯಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಮೇಯಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಬರೆಯುತ್ತೇವಲ್ಲ, ಆ ಶಿಸ್ತು ಇಲ್ಲೂ ಕೈ ಹಿಡಿಯುತ್ತದೆ, ಪ್ರಮೇಯ ಮಾತ್ರ ಮೊದಲೇ ಕಂಡಿದ್ದಲ್ಲ. ಒಂದು ಉದಾಹರಣೆ: ಸಾಲಾಗಿ ಬರುವ ಮೂರು ಬೆಸ ಸಂಖ್ಯೆಗಳು ಮೂರೂ ಅವಿಭಾಜ್ಯ ಆಗಿರುವುದು 3, 5, 7ರಲ್ಲಿ ಮಾತ್ರ ಎಂದು ಸಾಧಿಸಿ. ಮಕ್ಕಳು ‘5, 7, 9 ಆಗಲ್ಲ, 7, 9, 11 ಆಗಲ್ಲ, 11, 13, 15 ಆಗಲ್ಲ, ಆದ್ದರಿಂದ ಬೇರೆ ಇಲ್ಲ’ ಅಂತ ಬರೆದು ಮುಗಿಸುತ್ತಾರೆ. ಇದು ಸಾಧನೆ ಅಲ್ಲ. ಸಾವಿರದಾಚೆ ಒಂದು ಇದ್ದರೆ?

ಹೀಗೆ ಬರೆಯಬೇಕು. ಮೊದಲ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಶೇಷ 0, 1 ಅಥವಾ 2. ಶೇಷ 0 ಆದರೆ ಮೊದಲನೆಯದೇ 3ರಿಂದ ಭಾಗವಾಗುತ್ತದೆ. 1 ಆದರೆ, 2 ಕೂಡಿಸಿ ಬರುವ ಎರಡನೆಯದು ಭಾಗವಾಗುತ್ತದೆ. 2 ಆದರೆ, 4 ಕೂಡಿಸಿ ಬರುವ ಮೂರನೆಯದು. ಅಂದರೆ ಯಾವ ಮೂರು ತಗೊಂಡರೂ ಒಂದು 3ರಿಂದ ಭಾಗವಾಗಲೇಬೇಕು, ಅದು ಅವಿಭಾಜ್ಯವೂ ಆಗಿರಬೇಕಾದರೆ ಅದು 3 ಆಗಿರಲೇಬೇಕು. 3 ಎರಡನೆಯ ಜಾಗದಲ್ಲಿದ್ದರೆ ಮೊದಲನೆಯದು 1, ಅದು ಅವಿಭಾಜ್ಯವಲ್ಲ. ಮೂರನೆಯ ಜಾಗದಲ್ಲಿದ್ದರೆ ಮೊದಲನೆಯದು ಸೊನ್ನೆಗಿಂತ ಕೆಳಗೆ. ಉಳಿದದ್ದು 3, 5, 7 ಮಾತ್ರ. ಬರೆದಾದ ಮೇಲೆ ಅದನ್ನು ತಮ್ಮನಿಗೋ ಗೆಳತಿಗೋ ಓದಿ ಹೇಳಿ. ಅವರು ‘ಯಾಕೆ?’ ಅಂತ ಕೇಳಿದ ಕಡೆ ನಿಮ್ಮ ಸಾಧನೆಯಲ್ಲಿ ತೂತಿದೆ.

ಮುಂದಿನ ಹಂತಗಳಿಗೆ ಈ ಎರಡು ಅಭ್ಯಾಸ ಸಾಲದೇ ಇರಬಹುದು, ಆದರೆ ಇವಿಲ್ಲದೆ ಅಲ್ಲಿಗೆ ಹೋಗಲು ಆಗುವುದಿಲ್ಲ. ಐಎನ್‌ಎಂಒ ಪ್ರಶಸ್ತಿ ಸಿಕ್ಕವರಿಗೆ ಚೆನ್ನೈನ ಗಣಿತ ಸಂಸ್ಥೆ, ಭಾರತೀಯ ಸಾಂಖ್ಯಿಕ ಸಂಸ್ಥೆಯಂಥ ಕಡೆ ಪ್ರವೇಶಕ್ಕೂ ದಾರಿ ಸುಲಭವಾಗುತ್ತದೆ. ಹೆಣ್ಣುಮಕ್ಕಳಿಗೆ ಯುರೋಪಿನ ಬಾಲಕಿಯರ ಗಣಿತ ಒಲಿಂಪಿಯಾಡ್ ಅಂತ ಇನ್ನೊಂದು ಬಾಗಿಲೂ ಇದೆ, ಭಾರತ ನಾಲ್ಕು ಜನರ ತಂಡ ಕಳಿಸುತ್ತದೆ. ಭಾರತ ಅಂತರರಾಷ್ಟ್ರೀಯ ಕೂಟಕ್ಕೆ ಮೊದಲು ಹೋಗಿದ್ದು 1989ರಲ್ಲಿ. ಬೆಂಗಳೂರಿನ ಪ್ರಾಂಜಲ್ ಶ್ರೀವಾಸ್ತವ 2019, 2021, 2022ರಲ್ಲಿ ಮೂರು ಚಿನ್ನ ತಂದರು. 2018ರಲ್ಲಿ ಅವರಿಗೆ ಸಿಕ್ಕಿದ್ದು ಬೆಳ್ಳಿ.

ಸರಿ, ಇವತ್ತೇ ಶುರು ಮಾಡಲು ಒಂದು ಲೆಕ್ಕ. 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳನ್ನೂ ಒಂದಕ್ಕೊಂದು ಗುಣಿಸಿದರೆ ಬರುವ ಉತ್ತರದ ಕೊನೆಯಲ್ಲಿ ಎಷ್ಟು ಸೊನ್ನೆ ಇರುತ್ತವೆ? ಕ್ಯಾಲ್ಕುಲೇಟರ್ ಮುಟ್ಟಬೇಡಿ. ಒಂದು ಸೊನ್ನೆ ಹುಟ್ಟಲು ಒಂದು 2 ಮತ್ತು ಒಂದು 5 ಸೇರಬೇಕು. 25, 50, 75, 100 ಬಂದಾಗ ಸ್ವಲ್ಪ ನಿಂತು ನೋಡಿ.