ಕಾಡ್ಗಿಚ್ಚಿನ ಹೊಗೆ ಮನೆಯೊಳಗೆ: ಕೊನೆಗೆ ಕೆಲಸ ಮಾಡಿದ್ದು ಇದು

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಸುತ್ತಲ ಬೆಟ್ಟಗಳಿಗೆ ಬೆಂಕಿ ಹತ್ತಿತ್ತು. ಕಿಟಕಿ ಎಲ್ಲ ಮುಚ್ಚಿದ್ದರೂ ಒಳಗೆ ಹೊಗೆ ವಾಸನೆ, ಕಣ್ಣುರಿ, ಗಂಟಲು ಕೆರೆತ.

ಕಿಟಕಿಗೆ ಒದ್ದೆ ಟವೆಲ್, ಏರ್ ಫ್ರೆಶ್ನರ್, ಬಟ್ಟೆ ಮಾಸ್ಕ್ ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಹೊಗೆಯ ಕಣಗಳು ತುಂಬಾ ಸಣ್ಣವು, ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಊದುಬತ್ತಿ ಹಚ್ಚಿದರಂತೂ ಹೊಗೆ ಇನ್ನೂ ಜಾಸ್ತಿ.

ಕೆಲಸ ಮಾಡಿದ್ದು 20 ಇಂಚಿನ ಬಾಕ್ಸ್ ಫ್ಯಾನ್ (ನೆಲದ ಮೇಲಿಡುವ ಚೌಕಾಕಾರದ ಫ್ಯಾನ್) ಮತ್ತು ಅದೇ ಅಳತೆಯ ಮರ್ವ್-13 ಫಿಲ್ಟರ್ (ಹೊಗೆಯಂಥ ಸಣ್ಣ ಕಣಗಳನ್ನೂ ಹಿಡಿಯುವ ದರ್ಜೆಯ ಗಾಳಿ ಫಿಲ್ಟರ್). ಫ್ಯಾನ್ 2012ರಲ್ಲಿ ಅಥವಾ ಆಮೇಲೆ ತಯಾರಾದದ್ದೇ ಇರಲಿ, ಹಳೆಯದು ಬಿಸಿಯಾಗಿ ಅಪಾಯ. ಫಿಲ್ಟರನ್ನು ಫ್ಯಾನಿನ ಹಿಂಬದಿಗೆ, ಅಂದರೆ ಗಾಳಿ ಎಳೆದುಕೊಳ್ಳುವ ಕಡೆ ಇಡಿ. ಅದರ ಅಂಚಿನಲ್ಲಿರುವ ಬಾಣ ಫ್ಯಾನಿನತ್ತ ತೋರಿಸಬೇಕು. ನಾಲ್ಕೂ ಅಂಚಿಗೆ ಸಂದಿಯಿಲ್ಲದಂತೆ ಟೇಪ್ ಹಚ್ಚಿ. ಆಮೇಲೆ ಫ್ಯಾನಿನ ಮುಂಬದಿಯ ನಾಲ್ಕು ಮೂಲೆಗಳನ್ನು ರಟ್ಟಿನಿಂದ ಮುಚ್ಚಿ. ಇದನ್ನು ಬಿಡಬೇಡಿ, ಗಾಳಿ ಹಿಂದಕ್ಕೆ ನುಗ್ಗುವುದು ಅಲ್ಲಿಂದಲೇ.

ಇಡೀ ಮನೆಗೆ ಇದು ಸಾಲದು. ಒಂದು ಕೋಣೆ ಆರಿಸಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಫುಲ್ ಸ್ಪೀಡ್‌ನಲ್ಲಿ ಓಡಿಸಿ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಸುಮ್ನೆ ಓಡಿಸಬೇಡಿ, ಅದು ಹೊರಗಿನ ಹೊಗೆಯನ್ನೇ ಒಳಗೆಳೆಯುತ್ತದೆ. ಒಗ್ಗರಣೆ, ಕರಿಯುವುದು ಎರಡೂ ಬೇಡ. ಕುಕ್ಕರಿನ ಅನ್ನ, ಮೊಸರು ಸಾಕು ಅಲ್ವಾ? ಫಿಲ್ಟರ್ ಕಡು ಬೂದು ಬಣ್ಣಕ್ಕೆ ತಿರುಗಿದ ಕೂಡಲೇ ಬದಲಿಸಿ.