ಆಪ್ಷನ್ ಆರಿಸುವ ಮೊದಲು ಐವಿ ನೋಡಿ

ಕಂಪನಿಯ ತ್ರೈಮಾಸಿಕ ಫಲಿತಾಂಶದ ಮುನ್ನಾದಿನ ಕಾಲ್ ಆಪ್ಷನ್, ಅಂದರೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು, ಕೊಳ್ಳುತ್ತೀರಿ. ಮರುದಿನ ಷೇರು ನೀವೆಣಿಸಿದಂತೆ ಏರಿದರೂ ಕಾಲ್ ಬೆಲೆ ಇಳಿದಿರುತ್ತದೆ. ಕಾರಣ ಇಂಪ್ಲೈಡ್ ವೊಲಟಿಲಿಟಿ, ಚಿಕ್ಕದಾಗಿ ಐವಿ. ಮುಂದೆ ಷೇರು ಎಷ್ಟು ಏರಿಳಿಯಬಹುದೆಂಬ ಪೇಟೆಯ ನಿರೀಕ್ಷೆ ಆಪ್ಷನ್‌ನ ಬೆಲೆಯಾದ ಪ್ರೀಮಿಯಂನಲ್ಲಿ ಸೇರಿರುತ್ತದೆ. ಅದರ ವಾರ್ಷಿಕ ಶೇಕಡಾವಾರು ಲೆಕ್ಕವೇ ಐವಿ. ಷೇರು ಯಾವ ಕಡೆಗೆ ಹೋಗುತ್ತದೆಂದು ಅದು ಹೇಳುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುನ್ನ ಕೆ.ಆರ್. ಮಾರುಕಟ್ಟೆಯಲ್ಲಿ ಗಗನಕ್ಕೇರಿದ ಕನಕಾಂಬರದ ಬೆಲೆ ಹಬ್ಬ ಕಳೆದೊಡನೆ ಇಳಿಯುವಂತೆ, ಫಲಿತಾಂಶ ಹೊರಬಿದ್ದೊಡನೆ ಐವಿಯೂ ಇಳಿಯುತ್ತದೆ.

ಹಂತ 1: ಐವಿಯನ್ನು ರೂಪಾಯಿಗೆ ಇಳಿಸಿ. ಎನ್‌ಎಸ್‌ಇ ಜಾಲತಾಣದ ಆಪ್ಷನ್ ಚೈನ್‌ನಲ್ಲಿ (ಆಪ್ಷನ್‌ಗಳ ಪಟ್ಟಿ) ಷೇರಿನ ಈಗಿನ ಬೆಲೆಗೆ ಹತ್ತಿರದ, ಆಪ್ಷನ್‌ನ ನಿಗದಿತ ಬೆಲೆಯಾದ ಸ್ಟ್ರೈಕ್‌ನ ಐವಿ ನೋಡಿ, 16ರಿಂದ ಭಾಗಿಸಿ. ವರ್ಷದ ಸುಮಾರು 252 ವಹಿವಾಟು ದಿನಗಳ ವರ್ಗಮೂಲ ಹೆಚ್ಚುಕಡಿಮೆ ಅಷ್ಟೇ. ಷೇರು ₹1,500, ಐವಿ 32 ಎಂದಿದ್ದರೆ ದಿನಕ್ಕೆ ಶೇ 2, ಅಂದರೆ ₹30ರಷ್ಟು ಏರಿಳಿತವನ್ನು ಪೇಟೆ ನಿರೀಕ್ಷಿಸುತ್ತಿದೆ.

ಹಂತ 2: ದುಬಾರಿಯೋ ಅಗ್ಗವೋ ತಿಳಿಯಿರಿ. 32 ಎಂಬ ಅಂಕಿಯೊಂದರಿಂದಲೇ ಇದು ಗೊತ್ತಾಗದು. ಅದೇ ಷೇರಿನ ಐವಿ ವರ್ಷದಲ್ಲಿ 20ರಿಂದ 36ರ ನಡುವೆ ಓಡಾಡಿದ್ದರೆ, ಕನಿಷ್ಠದಿಂದ ಈಗ 12 ಅಂಶ ಮೇಲಿದೆ; ಒಟ್ಟು ಅಂತರ 16. 16ರಲ್ಲಿ 12 ಎಂದರೆ ಶೇ 75. ಹಾಗಾಗಿ ಐವಿ ರ‍್ಯಾಂಕ್ 75, ಪ್ರೀಮಿಯಂ ದುಬಾರಿ. ನಿಫ್ಟಿಗಾದರೆ ಅದರ ಆಪ್ಷನ್‌ಗಳ ಐವಿ ತೋರಿಸುವ ಸೂಚ್ಯಂಕ ಇಂಡಿಯಾ ವಿಕ್ಸ್ ಇದೆ. ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆದ 2024ರ ಜೂನ್ 4ರಂದು ಅದು 27ರ ಆಸುಪಾಸಿನಲ್ಲಿ ಮುಗಿದು, ಮರುದಿನವೇ 19ರ ಸಮೀಪಕ್ಕೆ ಕುಸಿಯಿತು.

ಹಂತ 3: ಕಾರಣ ಹುಡುಕಿ. ಫಲಿತಾಂಶ, ಬಜೆಟ್, ರಿಸರ್ವ್ ಬ್ಯಾಂಕ್ ನೀತಿ ಪ್ರಕಟಣೆ ಹತ್ತಿರವಿದ್ದರೆ ಐವಿ ಏರುವುದು ಸಹಜ. ಬೆಂಗಳೂರಿನ ಐಟಿ ಉದ್ಯೋಗಿಗಳು ಇಲ್ಲಿ ಎಚ್ಚರವಹಿಸಬೇಕು. ಷೇರುಪೇಟೆಯ ನಿಯಂತ್ರಕ ಸೆಬಿಯ ಒಳಮಾಹಿತಿ ವಹಿವಾಟು ನಿಯಮಗಳ ಪ್ರಕಾರ, ಕಂಪನಿ ಗುರುತಿಸಿದ ನೌಕರರು ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಬಂದ 48 ಗಂಟೆಗಳವರೆಗೆ ಸ್ವಂತ ಕಂಪನಿಯ ಷೇರಿನಲ್ಲಿ ವಹಿವಾಟು ನಡೆಸುವಂತಿಲ್ಲ.

ಹಂತ 4: ತಂತ್ರ ಆರಿಸಿ. ಐವಿ ಕೆಳಮಟ್ಟದಲ್ಲಿದ್ದು ದೊಡ್ಡ ಚಲನೆಯ ನಿರೀಕ್ಷೆಯಿದ್ದರೆ ಕಾಲ್ ಅಥವಾ ಪುಟ್ (ನಿಗದಿತ ಬೆಲೆಗೆ ಷೇರು ಮಾರುವ ಹಕ್ಕು) ಕೊಳ್ಳಿ. ದಿಕ್ಕು ಗೊತ್ತಿಲ್ಲದಿದ್ದರೆ ಎರಡನ್ನೂ ಕೊಳ್ಳುವ ಸ್ಟ್ರಾಡಲ್ ಇದೆ.

ಐವಿ ಎತ್ತರದಲ್ಲಿದ್ದೂ ಷೇರು ಏರುತ್ತದೆಂಬ ನಂಬಿಕೆಯಿದ್ದರೆ ಬರಿಯ ಕಾಲ್ ಬೇಡ, ಬುಲ್ ಕಾಲ್ ಸ್ಪ್ರೆಡ್ ಮಾಡಿ. 1,500ರ ಕಾಲ್ ಅನ್ನು ₹55ಕ್ಕೆ ಕೊಂಡು, 1,560ರ ಕಾಲ್ ಅನ್ನು ₹31ಕ್ಕೆ ಮಾರಿದರೆ ಖರ್ಚು ಷೇರಿಗೆ ₹24. ಗರಿಷ್ಠ ನಷ್ಟವೂ ಅಷ್ಟೇ, ಗರಿಷ್ಠ ಲಾಭ ₹36. ಐವಿ ಕುಸಿದಾಗ ಕೊಂಡ ಕಾಲ್‌ನಲ್ಲಿ ಕಳೆದುಕೊಂಡದ್ದರ ದೊಡ್ಡ ಪಾಲು ಮಾರಿದ ಕಾಲ್‌ನಲ್ಲಿ ಮರಳುತ್ತದೆ.

ಐವಿ ಎತ್ತರದಲ್ಲಿದ್ದು ಷೇರು ಒಂದು ಮಿತಿಯೊಳಗೇ ಇರುತ್ತದೆಂದು ಅನಿಸಿದರೆ ಐರನ್ ಕಾಂಡರ್ ಸರಿ: ಒಂದು ಕಾಲ್, ಒಂದು ಪುಟ್ ಮಾರಿ, ಅವುಗಳಿಂದಾಚೆ ತಲಾ ಒಂದನ್ನು ರಕ್ಷಣೆಗೆ ಕೊಳ್ಳುವುದು. ರಕ್ಷಣೆಯಿಲ್ಲದೆ ಆಪ್ಷನ್ ಮಾರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. 2023ರ ಏಪ್ರಿಲ್ 13ರ ಗುರುವಾರ, ಪೇಟೆ ಮುಚ್ಚಿದ ಮೇಲೆ ಇನ್ಫೊಸಿಸ್ ಫಲಿತಾಂಶ ಪ್ರಕಟಿಸಿತು. ಶುಕ್ರವಾರ ಅಂಬೇಡ್ಕರ್ ಜಯಂತಿಯ ರಜೆ. ಸೋಮವಾರ ಷೇರು ಶೇ 9ಕ್ಕೂ ಹೆಚ್ಚು ಕುಸಿಯಿತು. ಪುಟ್ ಮಾರಿದವರು ನಡುವಿನ ಮೂರು ದಿನ ಏನನ್ನೂ ಮಾಡುವಂತಿರಲಿಲ್ಲ.

ಹಂತ 5: ಷೇರಿಗೆ ಆಗಬಹುದಾದ ಗರಿಷ್ಠ ನಷ್ಟವನ್ನು, ಒಂದು ಒಪ್ಪಂದದಲ್ಲಿರುವ ಷೇರುಗಳ ಸಂಖ್ಯೆಯಾದ ಲಾಟ್‌ನ ಗಾತ್ರದಿಂದ ಗುಣಿಸಿ, ಆ ಮೊತ್ತ ಪೂರ್ತಿ ಹೋದರೂ ತಾಳಿಕೊಳ್ಳಬಲ್ಲಿರಾ ನೋಡಿ. 2021–22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ್ದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆಂದು ಸೆಬಿ ಅಧ್ಯಯನ ಹೇಳಿದೆ. ಷೇರಿನ ಆಪ್ಷನ್ ಆಗಿದ್ದರೆ ಅದರ ಅವಧಿ ಮುಗಿಯುವ ದಿನವಾದ ಎಕ್ಸ್‌ಪೈರಿಗೆ ಮೊದಲೇ ಹೊರಬನ್ನಿ. ಲಾಭದಲ್ಲಿರುವ ಸ್ಟ್ರೈಕ್ ಉಳಿದುಬಿಟ್ಟರೆ ಇಡೀ ಲಾಟ್‌ನ ಷೇರುಗಳನ್ನೇ ಕೊಳ್ಳಬೇಕಾಗುತ್ತದೆ ಇಲ್ಲವೇ ಕೊಡಬೇಕಾಗುತ್ತದೆ.