ಮೀಟರ್ 2,50,000 ದಾಟಿದ ಮೇಲೂ ಓಡುತ್ತಿರುವ ನನ್ನ ಎಸ್‌ಯುವಿ

ಈ ಲಕ್ಷುರಿ ಎಸ್‌ಯುವಿ ನನ್ನ ಕೈಗೆ ಬಂದಾಗ 1,40,000 ಕಿಲೋಮೀಟರ್ ಓಡಿತ್ತು. ‘ಬಿಳಿಯಾನೆ ಸಾಕ್ತಿದ್ದೀಯ’ ಅಂತ ಎಲ್ಲರೂ ಹೆದರಿಸಿದ್ದರು. ಮೊದಲ ವರ್ಷ ಅದು ನಿಜವೇ ಅನಿಸಿತ್ತು.

ಒಂದು ದಿನ ಹೆದ್ದಾರಿಯಲ್ಲಿ ಏನೋ ಸಿಹಿ ವಾಸನೆ ಬಂತು. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದರೆ ಕೂಲಂಟ್ (ಇಂಜಿನ್ ತಣಿಸುವ ದ್ರವ) ಟ್ಯಾಂಕ್ ಸೀಳಿತ್ತು. ತಕ್ಷಣ ನಿಲ್ಲಿಸಿದ್ದಕ್ಕೆ ಇಂಜಿನ್ ಉಳಿಯಿತು. ಹೊಸ ಟ್ಯಾಂಕ್ ಹಾಕಿಸಿದೆ. ಮೂರೇ ವಾರಕ್ಕೆ, ಬಿಸಿ ನೋಡಿ ಕೂಲಂಟ್ ಹರಿಯಬಿಡುವ ಥರ್ಮೋಸ್ಟಾಟ್ ಹತ್ತಿರದ ಪ್ಲಾಸ್ಟಿಕ್ ಪೈಪ್ ಒಣ ಕಡ್ಡಿಯ ಹಾಗೆ ಲಟಕ್ ಅಂತ ಮುರಿಯಿತು. ಆಗ ಅರ್ಥವಾಯಿತು: ಈ ಭಾಗಗಳಿಗೆಲ್ಲ ಒಂದೇ ವಯಸ್ಸು, ತಿಂದಿದ್ದೂ ಒಂದೇ ಬಿಸಿ. ಒಂದನ್ನು ಹೊಸದು ಮಾಡಿದರೆ ಒತ್ತಡ ಇನ್ನೊಂದು ಹಳೆಯದನ್ನು ಹುಡುಕಿಕೊಂಡು ಹೋಗುತ್ತದೆ. ಆಮೇಲೆ ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್‌ಗಳು, ಟ್ಯಾಂಕಿನ ಮುಚ್ಚಳ, ಬೆಲ್ಟ್ ಎಲ್ಲವನ್ನೂ ಒಟ್ಟಿಗೇ ಬದಲಿಸಿದೆ.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನಂಬುವುದನ್ನೂ ಬಿಟ್ಟೆ. ಎಷ್ಟೋ ಗಾಡಿಗಳಲ್ಲಿ ಬಿಸಿ ಸ್ವಲ್ಪ ಏರಿಳಿದರೂ ಅದು ನಡುವೆಯೇ ನಿಂತಿರುತ್ತದೆ, ಸುಮ್ನೆ ನಮ್ಮ ಸಮಾಧಾನಕ್ಕೆ. ಗಾಡಿಯ ಕಂಪ್ಯೂಟರ್ ಓದುವ ಸಣ್ಣ ಒಬಿಡಿ ಸ್ಕ್ಯಾನರ್ ಚುಚ್ಚಿದರೆ ನಿಜವಾದ ಡಿಗ್ರಿ ಕಾಣುತ್ತದೆ. ಫ್ಯಾನ್ ಸೋಲುತ್ತಿರುವುದು ನನಗೆ ತಿಳಿದಿದ್ದೂ ಹಾಗೇ.

ಎರಡನೇ ಪಾಠ ಏರ್ ಸಸ್ಪೆನ್ಷನ್‌ದು, ಅಂದರೆ ಗಾಡಿಯನ್ನು ಗಾಳಿ ತುಂಬಿದ ಸ್ಪ್ರಿಂಗ್‌ಗಳ ಮೇಲೆ ಹೊರುವ ವ್ಯವಸ್ಥೆಯದು. ಬೆಳಿಗ್ಗೆ ಎದ್ದರೆ ಗಾಡಿಯ ಒಂದು ಮೂಲೆ ಕುಸಿದಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಮತ್ತೆ ಏಳುತ್ತಿತ್ತು. ‘ಎದ್ದಿತಲ್ಲ’ ಅಂತ ಎರಡು ತಿಂಗಳು ಸುಮ್ಮನಿದ್ದೆ. ಸೋರುವ ಗಾಳಿಯನ್ನು ತುಂಬಿಸೀ ತುಂಬಿಸೀ ಕಂಪ್ರೆಸರ್ (ಗಾಳಿ ಪಂಪ್) ಸುಟ್ಟುಹೋಯಿತು. ಒಂದು ಏರ್ ಸ್ಪ್ರಿಂಗ್‌ನಲ್ಲಿ ಮುಗಿಯಬೇಕಿದ್ದ ಖರ್ಚು ದುಪ್ಪಟ್ಟಾಯಿತು. ಈಗ ತಿಂಗಳಿಗೊಮ್ಮೆ ರಾತ್ರಿ ಟೇಪ್ ಹಿಡಿದು ಚಕ್ರದ ನಡುವಿನಿಂದ ಫೆಂಡರ್ (ಚಕ್ರದ ಮೇಲಿನ ಬಾಡಿ ಭಾಗ) ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡುತ್ತೇನೆ. ಬೆಳಿಗ್ಗೆ ಮತ್ತೆ ಅಳತೆ. ಅನುಮಾನ ಬಂದ ಕಡೆ ಸೋಪು ನೀರು ಸವರಿದರೆ ಗುಳ್ಳೆಯೇ ಹೇಳುತ್ತದೆ. ಒಂದು ಮಾತು: ಜಾಕ್ ಹಾಕುವ ಮೊದಲು ಸಸ್ಪೆನ್ಷನ್ನನ್ನು ಜಾಕ್ ಮೋಡ್‌ಗೆ (ಎತ್ತರ ತಾನಾಗಿ ಬದಲಾಗದ ಸ್ಥಿತಿಗೆ) ಹಾಕಿ. ಇಲ್ಲದಿದ್ದರೆ ಗಾಡಿ ತನ್ನಷ್ಟಕ್ಕೆ ಎತ್ತರ ಸರಿಮಾಡಿಕೊಳ್ಳಲು ಹೊರಡಬಹುದು. ಅದರ ಕೆಳಗೆ ಮಾತ್ರ ನುಗ್ಗಬೇಡಿ.

ಗೇರ್‌ಬಾಕ್ಸ್ ಆಯಿಲ್ ‘ಜೀವಮಾನಕ್ಕೆ ಸಾಕು’ ಅನ್ನುತ್ತಾರೆ. ಯಾರ ಜೀವಮಾನ, ಆಯಿಲ್‌ದಾ, ಗೇರ್‌ಬಾಕ್ಸ್‌ದಾ? ನಾನು 80,000 ಕಿಲೋಮೀಟರಿಗೊಮ್ಮೆ ಫಿಲ್ಟರ್ ಸಮೇತ ಬದಲಿಸುತ್ತೇನೆ. ಲೆವೆಲ್ ನೋಡುವಾಗ ಕಂಪನಿ ಹೇಳಿದಷ್ಟೇ ಆಯಿಲ್ ಬಿಸಿಯಿರಬೇಕು, ನನ್ನ ಗಾಡಿಯಲ್ಲಿ ಇಂಜಿನ್ ಓಡುತ್ತಲೂ ಇರಬೇಕು. ಅಂದಾಜಿನ ಕೆಲಸ ಅಲ್ಲ. ಅದರ ಜೊತೆಗೇ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್‌ಗಳ ಆಯಿಲ್ ಕೂಡ ಮುಗಿಸುತ್ತೇನೆ. ಇಂಜಿನ್ ಆಯಿಲ್ 8,000 ಕಿಲೋಮೀಟರಿಗೆ, ಬ್ರೇಕ್ ಆಯಿಲ್ ಎರಡು ವರ್ಷಕ್ಕೆ.

ಸನ್‌ರೂಫಿನ ನೀರು ಹೋಗುವ ಕೊಳವೆಗಳನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಕಸ ಕಟ್ಟಿದರೆ ನೀರು ಒಳಗಿಳಿದು ಕಾರ್ಪೆಟ್ ಕೆಳಗಿನ ವೈರಿಂಗ್‌ಗೆ ಸೇರುತ್ತದೆ. ಮಳೆಗೆ ಮುಂಚೆ ಒಂದು ಲೋಟ ನೀರು ಮೆಲ್ಲಗೆ ಹೊಯ್ದು, ಗಾಡಿಯ ಕೆಳಗೆ ಹನಿ ಬೀಳುತ್ತದಾ ನೋಡುತ್ತೇನೆ. ವಿಚಿತ್ರ ಎರರ್‌ಗಳು ಸಾಲಾಗಿ ಬಂದರೆ ಮೊದಲು ಬ್ಯಾಟರಿ ವೋಲ್ಟೇಜ್ ನೋಡುತ್ತೇನೆ. ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ.

ಈಗ ಇಂಜಿನ್ ಮೇಲಿನ ಮುಚ್ಚಳ, ಅಂದರೆ ವಾಲ್ವ್ ಕವರ್ ಹತ್ತಿರ ಸ್ವಲ್ಪ ಆಯಿಲ್ ಜಿನುಗುತ್ತಿದೆ. ಅದರ ಕೆಳಗೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇದೆ, ಆಯಿಲ್ ಅದರ ಮೇಲೆ ಬೀಳಬಾರದು. ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್ ತರಿಸಿ ಇಟ್ಟಿದ್ದೇನೆ. ಭಾನುವಾರ ಬಿಚ್ಚಬೇಕು.